ವೇಗವೋ, ಬಾಳಿಕೆಯೋ? — ಉಳಿಯ ಲೆಕ್ಕ

ಹರಿಹರ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಉಕ್ಕಡಗಾತ್ರಿ ಎಂಬ ಗ್ರಾಮವಿದೆ. ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಯಿಂದ ಅದು ಪ್ರಸಿದ್ಧವಾದುದು. ಅಮಾವಾಸ್ಯೆಯ ದಿನ ಅಲ್ಲಿ ನೆರೆಯುವ ಜನಸಂದಣಿ ಹೇಳತೀರದು. ಅಂಥದೊಂದು ಅಮಾವಾಸ್ಯೆಯಂದು ದರ್ಶನ ಮುಗಿಸಿ, ಮರದ ನೆರಳಿನಲ್ಲಿ ಕುಳಿತು, ಹರಿಹರದ ಬಸ್ಸಿಗಾಗಿ ಕಾಯುತ್ತಿದ್ದೆವು. ನನ್ನ ಜೊತೆಯಲ್ಲಿದ್ದ ಅಕ್ಕನ ಮಗ ಪಿ.ಯು.ಸಿ. ವಿದ್ಯಾರ್ಥಿ. ಅವನು ಮೊಬೈಲಿನಲ್ಲಿ ಮೈನ್‌ಕ್ರಾಫ್ಟ್ ಎಂಬ ಆಟದಲ್ಲಿ ಮಗ್ನನಾಗಿದ್ದನು. ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತಿ, “ಮಾವ, ಚಿನ್ನದ ಪಿಕಾಸಿ ಎಲ್ಲಕ್ಕಿಂತ ಬೇಗ ಅಗೆಯುತ್ತದೆ. ನಾನು ಅದನ್ನೇ ಹಿಡಿದೆ. ಆದರೂ ಕಬ್ಬಿಣದ ಪಿಕಾಸಿ ಹಿಡಿದ ಗೆಳೆಯ ನನಗಿಂತ ಎರಡರಷ್ಟು ಸುರಂಗ ಕೊರೆದುಬಿಟ್ಟ. ಇದು ಹೇಗೆ?” ಎಂದು ಕೇಳಿದನು.

ನಾನು ಉತ್ತರಕ್ಕೆ ತೊಡಗುವ ಮೊದಲೇ ಪಕ್ಕದಲ್ಲಿ ಕುಳಿತಿದ್ದ, ಎಂಬತ್ತರ ಸಮೀಪದ ವೃದ್ಧರೊಬ್ಬರು, “ಒಂದು ಮುರಿದ ಮೇಲೆ ಇನ್ನೊಂದು ತರುವುದಕ್ಕೆ ನಿನಗೆ ಎಷ್ಟು ಹೊತ್ತು ಹಿಡಿಯಿತು, ತಮ್ಮಾ?” ಎಂದರು. ಅವರು ಹರಿಹರದ ಕಾರ್ಖಾನೆಯೊಂದರಲ್ಲಿ ಬಹುಕಾಲ ಲೇತ್ ನಡೆಸಿ ನಿವೃತ್ತರಾದವರೆಂದು ಆಮೇಲೆ ತಿಳಿಯಿತು. ಅವರು ಕೇಳಿದ ಪ್ರಶ್ನೆ ಒಂದೇ. ಆದರೆ ಯಂತ್ರಶಿಲ್ಪದ ಒಂದು ದೊಡ್ಡ ಅಧ್ಯಾಯವೇ ಅದರಲ್ಲಿ ಅಡಗಿದೆ. ಈ ಲೇಖನ ಆ ಪ್ರಶ್ನೆಯ ವಿವರಣೆ ಮಾತ್ರ.

ಆಟದ ಲೆಕ್ಕ

ಮೈನ್‌ಕ್ರಾಫ್ಟ್ ಸ್ವೀಡನ್ ದೇಶದಲ್ಲಿ ಹುಟ್ಟಿದ ಆಟ. ಅದರ ಪೂರ್ಣರೂಪ ಪ್ರಕಟವಾದುದು 2011ರಲ್ಲಿ. ಅದರ ಪ್ರಪಂಚವೆಲ್ಲ ಇಟ್ಟಿಗೆಗಳಂಥ ಘನಗಳಿಂದ ಆದುದು. ಆಟಗಾರನು ಪಿಕಾಸಿಯಿಂದ ಕಲ್ಲಿನ ಘನಗಳನ್ನು ಒಡೆಯುತ್ತ ಹೋಗುತ್ತಾನೆ. ಪ್ರತಿಯೊಂದು ಪಿಕಾಸಿಗೂ ಎರಡು ಗುಣಗಳನ್ನು ಗೊತ್ತುಮಾಡಲಾಗಿದೆ: ಒಂದು ಘನವನ್ನು ಒಡೆಯಲು ಬೇಕಾಗುವ ಕಾಲ, ಮತ್ತು ಮುರಿಯುವ ಮೊದಲು ಅದು ಒಡೆಯಬಲ್ಲ ಘನಗಳ ಸಂಖ್ಯೆ. ಸಾಧಾರಣ ಕಲ್ಲಿನ ಮಟ್ಟಿಗೆ, ಒಂದು ಘನಕ್ಕೂ ಇನ್ನೊಂದಕ್ಕೂ ನಡುವಣ ಸಣ್ಣ ವಿರಾಮವನ್ನು ಬಿಟ್ಟು ಹೇಳುವುದಾದರೆ, ಲೆಕ್ಕ ಹೀಗಿದೆ:

ಮರದ ಪಿಕಾಸಿ: ಘನಕ್ಕೆ 1.15 ಸೆಕೆಂಡು; ಬಾಳಿಕೆ 59 ಘನ.
ಕಲ್ಲಿನ ಪಿಕಾಸಿ: 0.6 ಸೆಕೆಂಡು; 131 ಘನ.
ಕಬ್ಬಿಣದ ಪಿಕಾಸಿ: 0.4 ಸೆಕೆಂಡು, 250 ಘನ.
ವಜ್ರದ ಪಿಕಾಸಿ: 0.3 ಸೆಕೆಂಡು, 1561 ಘನ.
ಚಿನ್ನದ ಪಿಕಾಸಿ: 0.2 ಸೆಕೆಂಡು, 32 ಘನ.

ಚಿನ್ನವು ಕಬ್ಬಿಣದ ಇಮ್ಮಡಿ ವೇಗದಲ್ಲಿ ಅಗೆಯುತ್ತದೆ. ಆದರೆ 32 ಘನ ಮುಗಿಯುತ್ತಲೇ ಅದರ ಆಯುಸ್ಸೂ ಮುಗಿಯುತ್ತದೆ. ಅಂದರೆ ಆರೂವರೆ ಸೆಕೆಂಡಿನಷ್ಟೂ ಅದು ಬಾಳುವುದಿಲ್ಲ. ಆಮೇಲೆ ಹೊಸದನ್ನು ಮಾಡಿಕೊಳ್ಳಬೇಕು, ಇಲ್ಲವೆ ಪೆಟ್ಟಿಗೆಯಿಂದ ತರಬೇಕು. ಈ ಬದಲಾವಣೆಯ ಹೊತ್ತನ್ನು ಆ ಪಿಕಾಸಿ ಒಡೆದ ಘನಗಳ ಮೇಲೆ ಸಮನಾಗಿ ಹಂಚಬೇಕಾದುದು ನ್ಯಾಯವಷ್ಟೆ. ಆದುದರಿಂದ ಒಂದು ಘನದ ನಿಜವಾದ ಬೆಲೆ ಹೀಗಾಗುತ್ತದೆ:

ಒಡೆಯುವ ಕಾಲ + (ಬದಲಾವಣೆಯ ಹೊತ್ತು ÷ ಬಾಳಿಕೆ)

ಬದಲಾವಣೆಗೆ 1 ಸೆಕೆಂಡು ಸಾಕಾದರೆ ಚಿನ್ನಕ್ಕೆ ಘನವೊಂದಕ್ಕೆ 0.23 ಸೆಕೆಂಡು, ಕಬ್ಬಿಣಕ್ಕೆ 0.40 ಸೆಕೆಂಡು; ಚಿನ್ನವೇ ಮೇಲು. ಬದಲಾವಣೆಗೆ 60 ಸೆಕೆಂಡು ಹಿಡಿದರೆ ಚಿನ್ನಕ್ಕೆ 2.08 ಸೆಕೆಂಡು, ಕಬ್ಬಿಣಕ್ಕೆ 0.64 ಸೆಕೆಂಡು, ಈಗ ಕಬ್ಬಿಣವು ಮೂರು ಪಟ್ಟು ಮೇಲಾಯಿತು. ಎರಡೂ ಸರಿಸಮವಾಗುವ ಹಂತ ಯಾವುದೆಂದು ಸಮೀಕರಣ ಬಿಡಿಸಿ ನೋಡಿದರೆ ಸುಮಾರು 7.3 ಸೆಕೆಂಡು ಬರುತ್ತದೆ. ಬದಲಾವಣೆಗೆ ಇದಕ್ಕಿಂತ ಕಡಿಮೆ ಹೊತ್ತಾದರೆ ಚಿನ್ನ, ಹೆಚ್ಚಾದರೆ ಕಬ್ಬಿಣ. “ಯಾವ ಪಿಕಾಸಿ ಉತ್ತಮ?” ಎಂಬ ಪ್ರಶ್ನೆಗೆ ಪಿಕಾಸಿಯನ್ನಷ್ಟೇ ನೋಡಿ ಉತ್ತರ ಹೇಳಲು ಸಾಧ್ಯವಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಿಜವಾದ ಚಿನ್ನ ಬಹಳ ಮೆದುವಾದ ಲೋಹ; ಅದರಿಂದ ಯಾವ ಕಲ್ಲನ್ನೂ ಒಡೆಯಲಾಗದು. ಕೋಲಾರದ ಚಿನ್ನದ ಗಣಿಗಳಲ್ಲಿ ಚಿನ್ನವನ್ನು ಹೊರತೆಗೆದುದು ಉಕ್ಕೇ ಹೊರತು ಚಿನ್ನವಲ್ಲ. ಆಟವನ್ನು ಕಟ್ಟಿದವರು ಪದಾರ್ಥದ ವಿಷಯದಲ್ಲಿ ಸ್ವೇಚ್ಛೆಯಿಂದ ನಡೆದಿದ್ದಾರೆ. ಆದರೆ ವೇಗಕ್ಕೂ ಬಾಳಿಕೆಗೂ ಇರುವ ಪೈಪೋಟಿಯ ವಿಷಯದಲ್ಲಿ ಸತ್ಯವನ್ನೇ ಹೇಳಿದ್ದಾರೆ. ಆ ಸತ್ಯವನ್ನು ಕಾಣಲು ಉಕ್ಕಡಗಾತ್ರಿಯಿಂದ ಬಸ್ಸು ಹತ್ತಿ ಹರಿಹರಕ್ಕೆ ಹೋದರೆ ಸಾಕು.

ಹರಿಹರದ ಲೇತ್

ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಸ್ಥಾಪಿತವಾಯಿತು. ದ್ವಿತೀಯ ಮಹಾಯುದ್ಧದ ಆ ದಿನಗಳಲ್ಲಿ ಹೊರದೇಶಗಳಿಂದ ಯಂತ್ರಗಳನ್ನು ತರಿಸುವುದು ಕಷ್ಟವಾಗಿತ್ತು. ಅಲ್ಲಿ ತಯಾರಾದ ಲೇತುಗಳು ನಾಡಿನ ನಾನಾ ಕಡೆಯ ಕಾರ್ಯಾಗಾರಗಳನ್ನೂ ತಾಂತ್ರಿಕ ವಿದ್ಯಾಲಯಗಳನ್ನೂ ಸೇರಿದುವು. ಈ ಶತಮಾನದ ಮೊದಲ ವರ್ಷಗಳಲ್ಲಿ ಆ ಕಾರ್ಖಾನೆ ಮುಚ್ಚಿಹೋಯಿತು. ಆದರೆ ಅದರ ಲೇತುಗಳು ಇಂದಿಗೂ ಎಷ್ಟೋ ಕಡೆ ತಿರುಗುತ್ತಿವೆ.

ಲೇತ್ ಎಂದರೆ ಕೆಲಸದ ತುಂಡನ್ನು ತಿರುಗಿಸಿ ಉಳಿಯಿಂದ ಅದರ ಮೈ ಹೆರೆಯುವ ಯಂತ್ರ. ಕುಂಬಾರನ ತಿಗರಿಯನ್ನು ಮಲಗಿಸಿದಂತೆ ಇದನ್ನು ಭಾವಿಸಿಕೊಳ್ಳಬಹುದು. ಉಕ್ಕಿನ ಕಂಬಿ ತಿರುಗುತ್ತದೆ. ಉಳಿ ನಿಂತಿದ್ದು, ನಿಧಾನವಾಗಿ ಪಕ್ಕಕ್ಕೆ ಸರಿಯುತ್ತದೆ. ಸುರುಳಿಸುರುಳಿಯಾಗಿ ಚೂರು ಬರುತ್ತದೆ. ಉಳಿಯ ಅಂಚನ್ನು ದಾಟಿ ಲೋಹ ಹರಿಯುವ ವೇಗಕ್ಕೆ ‘ಕಡಿತದ ವೇಗ’ವೆಂದು ಹೆಸರು. 50 ಮಿಲಿಮೀಟರ್ ವ್ಯಾಸದ ಕಂಬಿಯು ನಿಮಿಷಕ್ಕೆ 210 ಸುತ್ತು ತಿರುಗಿದರೆ ಕಡಿತದ ವೇಗ ನಿಮಿಷಕ್ಕೆ ಸುಮಾರು 33 ಮೀಟರ್ ಆಗುತ್ತದೆ. ವಾಚಕರು ಪರಿಧಿಯ ಸೂತ್ರದಿಂದ ಇದನ್ನು ತಾವೇ ಪರೀಕ್ಷಿಸಿಕೊಳ್ಳಬಹುದು.

ಉಳಿ ಸವೆಯುವುದೇಕೆ?

ಈ ಲೇತ್ 2 ಮಿಲಿಮೀಟರ್ ಆಳಕ್ಕೆ ಕಡಿಯುತ್ತಿದೆ, ಕಂಬಿಯ ಪ್ರತಿ ಸುತ್ತಿಗೂ ಉಳಿ 0.2 ಮಿಲಿಮೀಟರ್ ಸರಿಯುತ್ತದೆ ಎಂದಿಟ್ಟುಕೊಳ್ಳೋಣ. ಆಗ ಸೆಕೆಂಡಿಗೆ 220 ಘನ ಮಿಲಿಮೀಟರ್ ಉಕ್ಕು ಚೂರಾಗುತ್ತದೆ. ಮೆದು ಉಕ್ಕಿನ ಒಂದು ಘನ ಮಿಲಿಮೀಟರನ್ನು ಹೆರೆಯಲು ಸುಮಾರು ಎರಡೂವರೆ ಜೌಲ್ ಶಕ್ತಿ ಬೇಕು. ಎಂದರೆ ಸುಮಾರು 550 ವಾಟ್. ಈ ಶಕ್ತಿಯೆಲ್ಲ ಕಡೆಗೆ ಶಾಖವಾಗಿಯೇ ಪರಿಣಮಿಸುತ್ತದೆ. 1000 ವಾಟಿನ ಇಸ್ತ್ರಿಪೆಟ್ಟಿಗೆಯ ಅರ್ಧಕ್ಕೂ ಮಿಕ್ಕಿದ ಶಾಖವು ಅಕ್ಕಿಕಾಳಿನಷ್ಟು ಜಾಗದಲ್ಲಿ ಹುಟ್ಟುತ್ತಿದೆ! ಅದರ ಬಹುಭಾಗವನ್ನು ಚೂರೇ ಹೊತ್ತೊಯ್ಯುತ್ತದೆ. ಉಳಿದುದು ಉಳಿಯ ಮೂತಿಯನ್ನು ನೂರಾರು ಡಿಗ್ರಿಗಳಿಗೆ ಕಾಯಿಸುತ್ತದೆ.

ವೇಗ ಹೆಚ್ಚಿದಷ್ಟೂ ಉಷ್ಣತೆ ಏರುತ್ತದೆ. ಸವೆತವು ಉಷ್ಣತೆಯೊಡನೆ ಸಮಪ್ರಮಾಣದಲ್ಲಿ ಏರುವುದಿಲ್ಲ. ಅದಕ್ಕಿಂತ ಬಹಳ ಕಡಿದಾಗಿ ಏರುತ್ತದೆ. ಬಿಸಿಯಾದ ಉಳಿ ತನ್ನ ಗಡಸನ್ನು ಕಳೆದುಕೊಳ್ಳುತ್ತದೆ. ಅದರ ಪರಮಾಣುಗಳು ಜಾಗ ಬಿಟ್ಟು ಹರಿದುಹೋಗುವ ಚೂರಿನೊಳಗೆ ಸೇರಿಕೊಳ್ಳುತ್ತವೆ. ಇಂಥ ಕ್ರಿಯೆಗಳಿಗೆ ಕೆಲವು ಹತ್ತು ಡಿಗ್ರಿಗಳ ಏರಿಕೆಯೂ ದೊಡ್ಡದೇ. ಆದುದರಿಂದಲೇ ವೇಗವನ್ನು ಸ್ವಲ್ಪ ಹೆಚ್ಚಿಸಿದರೆ ಬಾಳಿಕೆಯು ಬಹಳವಾಗಿ ಕುಗ್ಗುತ್ತದೆ.

ಎಷ್ಟು ಕುಗ್ಗುತ್ತದೆ? ಇದನ್ನು ಮೊದಲು ಅಳೆದವನು ಅಮೆರಿಕದ ಎಫ್. ಡಬ್ಲ್ಯು. ಟೇಲರ್. ಫಿಲಡೆಲ್ಫಿಯದ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯಲ್ಲಿ 1880ರಲ್ಲಿ ಆರಂಭಿಸಿದ ಪ್ರಯೋಗಗಳನ್ನು ಅವನು 26 ವರ್ಷಗಳ ಕಾಲ ನಡೆಸಿ, 1906ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಅಷ್ಟರಲ್ಲಿ 8 ಲಕ್ಷ ಪೌಂಡಿಗೂ ಮಿಕ್ಕಿ, ಎಂದರೆ ಸುಮಾರು 360 ಟನ್, ಉಕ್ಕು ಮತ್ತು ಕಬ್ಬಿಣ ಚೂರಾಗಿತ್ತು. ಈ ನಡುವೆ, ಹಿಂದಿನ ಶತಮಾನದ ಕೊನೆಯಲ್ಲಿ, ಟೇಲರ್ ಮತ್ತು ಅವನ ಸಹೋದ್ಯೋಗಿ ವೈಟ್ ಸೇರಿ ‘ಹೈಸ್ಪೀಡ್ ಉಕ್ಕ’ನ್ನು ರೂಪಿಸಿದರು. ಸಾಧಾರಣ ಇಂಗಾಲದ ಉಕ್ಕಿನ ಉಳಿ ಸುಮಾರು 250 ಡಿಗ್ರಿ ಸೆಲ್ಸಿಯಸ್ಸಿಗೇ ಮೆದುವಾಗುತ್ತಿತ್ತು. ಟಂಗ್‌ಸ್ಟನ್ ಮತ್ತು ಕ್ರೋಮಿಯಂ ಬೆರೆತ ಈ ಉಕ್ಕು ಸುಮಾರು 600 ಡಿಗ್ರಿಯವರೆಗೂ ತನ್ನ ಗಡಸನ್ನು ಉಳಿಸಿಕೊಂಡಿತು.

ಟೇಲರನ ನಿಯಮ

ಟೇಲರನು ಕಂಡುಕೊಂಡ ನಿಯಮ ಆಶ್ಚರ್ಯಕರವಾಗಿ ಸರಳವಾದುದು. ಕಡಿತದ ವೇಗವನ್ನು ‘ವೇ’ ಎಂದೂ, ಉಳಿಯನ್ನು ಮತ್ತೆ ಮಸೆಯುವವರೆಗಿನ ಬಾಳಿಕೆಯನ್ನು ‘ಬಾ’ ಎಂದೂ ಕರೆದರೆ, ಹೈಸ್ಪೀಡ್ ಉಕ್ಕಿನ ಉಳಿಗೆ ಸ್ಥೂಲವಾಗಿ

ವೇ⁸ × ಬಾ = ಸ್ಥಿರಾಂಕ

ವೇಗದ ಎಂಟನೆಯ ಘಾತ! ವೇಗವನ್ನು ಇಮ್ಮಡಿಸಿದರೆ ಬಾಳಿಕೆ ಅರ್ಧಕ್ಕಿಳಿಯುವುದಿಲ್ಲ, 256ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಶೇಕಡಾ 10ರಷ್ಟು ಹೆಚ್ಚಿಸಿದರೂ ಅದು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಘಾತದ ಸಂಖ್ಯೆ ಉಳಿಯ ಪದಾರ್ಥವನ್ನು ಅವಲಂಬಿಸಿದೆ. 1920ರ ದಶಕದಲ್ಲಿ ಜರ್ಮನಿಯ ಕ್ರುಪ್ ಕಾರ್ಖಾನೆ ಟಂಗ್‌ಸ್ಟನ್ ಕಾರ್ಬೈಡಿನ ಉಳಿಯನ್ನು ಮಾರುಕಟ್ಟೆಗೆ ತಂದು, ‘ವಜ್ರದಂತೆ’ ಎಂಬರ್ಥದಲ್ಲಿ ‘ವಿಡಿಯಾ’ ಎಂದು ಹೆಸರಿಟ್ಟಿತು. ಕಾರ್ಬೈಡಿಗೆ ಘಾತ ಸುಮಾರು 4 ಮಾತ್ರ. ಅದು ವೇಗವನ್ನು ಹೆಚ್ಚು ತಾಳಿಕೊಳ್ಳುತ್ತದೆ. ಇನ್ನು ನಿಜವಾದ ವಜ್ರವೋ, ಗಡಸಿನಲ್ಲಿ ಎಲ್ಲವನ್ನೂ ಮೀರಿದ್ದರೂ ಉಕ್ಕನ್ನು ಕಡಿಯಲು ಯೋಗ್ಯವಲ್ಲ. ವಜ್ರವು ಶುದ್ಧ ಇಂಗಾಲವಾದುದರಿಂದ, ಬಿಸಿಯಾದ ಕಬ್ಬಿಣ ಅದನ್ನು ತನ್ನೊಳಗೆ ಕರಗಿಸಿಕೊಂಡುಬಿಡುತ್ತದೆ. ಅಲ್ಯೂಮಿನಿಯಂ ಮುಂತಾದ ಲೋಹಗಳಿಗೆ ಮಾತ್ರ ವಜ್ರದ ಉಳಿಯನ್ನು ಬಳಸುತ್ತಾರೆ.

ಒಂದು ಕಿಲೋಮೀಟರಿನ ಕೆಲಸ

ಈಗ ಆ ವೃದ್ಧರ ಪ್ರಶ್ನೆಗೆ ಬರೋಣ. ನಿಮಿಷಕ್ಕೆ 50 ಮೀಟರ್ ವೇಗದಲ್ಲಿ ಕೇವಲ 1 ನಿಮಿಷ ಬಾಳುವ ಹೈಸ್ಪೀಡ್ ಉಳಿಯೊಂದನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಸವೆದ ಉಳಿಯನ್ನು ಬಿಚ್ಚಿ, ಹೊಸದನ್ನು ಕೂಡಿಸಿ, ಅಳತೆ ಸರಿಪಡಿಸಲು 4 ನಿಮಿಷ ಬೇಕೆನ್ನೋಣ. ಒಟ್ಟು 1000 ಮೀಟರ್ ಉದ್ದದಷ್ಟು ಲೋಹ ಉಳಿಯ ಅಂಚನ್ನು ದಾಟಬೇಕು. ಬೇರೆಬೇರೆ ವೇಗಗಳಲ್ಲಿ ಎಷ್ಟು ಹೊತ್ತಾಗುತ್ತದೆ? ಉಳಿ ಬದಲಾಯಿಸುವ ಹೊತ್ತನ್ನು ಸರಾಸರಿಯಾಗಿ ಹಂಚಿದರೆ ಉತ್ತರ ಹೀಗೆ ಬರುತ್ತದೆ:

ವೇಗ 25: ಬಾಳಿಕೆ 256 ನಿಮಿಷ, ಕಡಿತಕ್ಕೆ 40.0, ಬದಲಾವಣೆಗೆ 0.6, ಒಟ್ಟು 40.6 ನಿಮಿಷ.
ವೇಗ 30: ಬಾಳಿಕೆ 60, ಕಡಿತ 33.3, ಬದಲಾವಣೆ 2.2; ಒಟ್ಟು 35.6.
ವೇಗ 33: ಬಾಳಿಕೆ 28, ಕಡಿತ 30.3, ಬದಲಾವಣೆ 4.4, ಒಟ್ಟು 34.7.
ವೇಗ 36: ಬಾಳಿಕೆ 14, ಕಡಿತ 27.8, ಬದಲಾವಣೆ 8.0, ಒಟ್ಟು 35.8.
ವೇಗ 40: ಬಾಳಿಕೆ 6, ಕಡಿತ 25.0, ಬದಲಾವಣೆ 16.8, ಒಟ್ಟು 41.8.
ವೇಗ 50: ಬಾಳಿಕೆ 1, ಕಡಿತ 20.0, ಬದಲಾವಣೆ 80.0; ಒಟ್ಟು 100.0.

ಈ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ನೋಡಬೇಕು. 50 ಮೀಟರ್ ವೇಗದಲ್ಲಿ ಲೇತ್ ಭರದಿಂದ ತಿರುಗುತ್ತಿರುತ್ತದೆ. ಆದರೆ ಐದರಲ್ಲಿ ನಾಲ್ಕು ಪಾಲು ಹೊತ್ತು ಅದು ನಿಂತೇ ಇರುತ್ತದೆ. 40 ಮೀಟರಿನ ಅವಸರದ ಕೆಲಸ 25 ಮೀಟರಿನ ನಿಧಾನದ ಕೆಲಸಕ್ಕಿಂತಲೂ ಹಿಂದೆ ಬೀಳುತ್ತದೆ. ಎಲ್ಲಕ್ಕಿಂತ ಬೇಗ ಮುಗಿಯುವುದು 33ರಲ್ಲಿ.

ವೃದ್ಧರು ತಮ್ಮ ಅನುಭವವನ್ನೂ ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಾಡಿದ ತುಂಡಿಗಿಷ್ಟು ಎಂಬ ಲೆಕ್ಕದಲ್ಲಿ ಕೂಲಿ ಸಿಗುತ್ತಿತ್ತಂತೆ. ತಂಗಿಯ ಮದುವೆಯ ವರ್ಷ. ಹೆಚ್ಚು ಸಂಪಾದಿಸಬೇಕೆಂದು ಲೇತಿನ ವೇಗವನ್ನು ಒಂದು ಮೆಟ್ಟಿಲು ಏರಿಸಿದರು. ದಿನವೆಲ್ಲ ಬೆವರು ಸುರಿಸಿದರೂ ಸಂಜೆ ಎಣಿಸಿದಾಗ ಪಕ್ಕದ ಲೇತಿನ ಹಿರಿಯನ ತುಂಡುಗಳೇ ಹೆಚ್ಚಾಗಿದ್ದುವು. “ಅವರು ಒಮ್ಮೆಯೂ ಅವಸರಪಟ್ಟದ್ದನ್ನು ನಾನು ಕಾಣಲಿಲ್ಲ. ನಾನು ಮಸೆಯುವ ಕಲ್ಲಿಗೂ ಲೇತಿಗೂ ನಡೆದದ್ದೇ ಆಯಿತು. ಆ ವಾರದ ಕೂಲಿ ಹಿಂದಿನ ವಾರಕ್ಕಿಂತ ಕಡಿಮೆ ಬಂತು” ಎಂದರು. ಅವರಿಗೆ ಟೇಲರನ ಸೂತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಅದರ ಬೆಲೆಯನ್ನು ಮಾತ್ರ ಅವರು ತೆತ್ತಿದ್ದರು.

ಏಳು ಪಟ್ಟಿನ ಸೂತ್ರ

ಕಲನಶಾಸ್ತ್ರ ಓದುತ್ತಿರುವ ವಿದ್ಯಾರ್ಥಿಗಳು ಈ ಅನುಕೂಲತಮ ವೇಗವನ್ನು ಪಟ್ಟಿಯಿಲ್ಲದೆಯೇ ಕಂಡುಹಿಡಿಯಬಹುದು. ಬದಲಾವಣೆಯ ಹೊತ್ತನ್ನು ‘ಹೊ’ ಎಂದು ಕರೆಯೋಣ. ಒಂದು ಮೀಟರಿಗೆ ಬೇಕಾಗುವ ಕಾಲ

1/ವೇ + ಹೊ/(ವೇ × ಬಾ)

‘ಬಾ’ ಎಂಬುದಕ್ಕೆ ಟೇಲರನ ನಿಯಮದಿಂದ 50⁸/ವೇ⁸ ಎಂದು ಆದೇಶಿಸಿದರೆ, ಎರಡನೆಯ ಪದ ಹೊ × ವೇ⁷/50⁸ ಆಗುತ್ತದೆ. ವೇಗ ಹೆಚ್ಚಿದಂತೆ ಮೊದಲನೆಯ ಪದ ಮೆಲ್ಲನೆ ಇಳಿಯುತ್ತದೆ. ಎರಡನೆಯದು ಏಳನೆಯ ಘಾತದಂತೆ ಧಾವಿಸಿ ಏರುತ್ತದೆ. ಮೊತ್ತವನ್ನು ‘ವೇ’ಗೆ ಅನುಸಾರವಾಗಿ ಅವಕಲಿಸಿ ಸೊನ್ನೆಗೆ ಸಮನೆಂದು ಬರೆದರೆ

ಬಾ = 7 × ಹೊ

ಎಂಬ ಉತ್ತರ ಬರುತ್ತದೆ. ಬದಲಾವಣೆಯ ಹೊತ್ತಿನ ಏಳು ಪಟ್ಟು ಬಾಳಿಕೆ ಬರುವಂತೆ ವೇಗವನ್ನು ಗೊತ್ತುಮಾಡಿಕೊಳ್ಳಬೇಕು. ನಮ್ಮ ಉದಾಹರಣೆಯಲ್ಲಿ 7 × 4 = 28 ನಿಮಿಷ; ಅದು 33 ಮೀಟರ್ ವೇಗದ ಬಾಳಿಕೆಯೇ ಆಗಿದೆ. ಟೇಲರನ ಘಾತದಿಂದ ಒಂದನ್ನು ಕಳೆದರೆ ಈ ಗುಣಕ ಸಿಗುತ್ತದೆಂಬುದನ್ನು ನೆನಪಿನಲ್ಲಿಡಬೇಕು.

ಈ ಸೂತ್ರದಲ್ಲಿ ಸೂಕ್ಷ್ಮವಾದ ಪಾಠವೊಂದಿದೆ. ಉಳಿಯ ಆಯುಸ್ಸು ಎಷ್ಟಿರಬೇಕೆಂಬುದನ್ನು ನಿರ್ಧರಿಸುವುದು ಅದರ ಗಡಸಲ್ಲ, ಅದನ್ನು ಬದಲಾಯಿಸುವ ಹೊತ್ತು. ಉತ್ತಮ ಕೆಲಸಗಾರನು ಮಸೆದ ಉಳಿಗಳನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳುತ್ತಾನೆ. ಲೇತಿನ ಮೇಲಿರುವ ನಾಲ್ಕು ಮೊಗದ ಹಿಡಿಕೆಯಲ್ಲಿ ಒಂದಕ್ಕಿಂತ ಹೆಚ್ಚು ಉಳಿಗಳನ್ನು ಕೂಡಿಸಿ, ಒಂದು ಸವೆದರೆ ಇನ್ನೊಂದನ್ನು ತಿರುಗಿಸಿ ಮುಂದೆ ತರುತ್ತಾನೆ. ಹೀಗೆ ಬದಲಾವಣೆ 4ರಿಂದ 1 ನಿಮಿಷಕ್ಕಿಳಿದರೆ, 7 ನಿಮಿಷದ ಬಾಳಿಕೆ ಸಾಕು. ವೇಗವನ್ನು 39 ಮೀಟರಿನವರೆಗೆ ಏರಿಸಬಹುದು. ಕಿಲೋಮೀಟರಿನ ಕೆಲಸ 34.7 ನಿಮಿಷಕ್ಕೆ ಬದಲಾಗಿ ಸುಮಾರು 29 ನಿಮಿಷಗಳಲ್ಲಿ ಮುಗಿಯುತ್ತದೆ. ಉಳಿ ಅದೇ, ಉಕ್ಕು ಅದೇ. ಕೈಗೆಟುಕುವಂತೆ ಇಟ್ಟುಕೊಂಡ ಜಾಣತನವಷ್ಟೇ ಬೇರೆ. ಪಕ್ಕದ ಲೇತಿನ ಹಿರಿಯರ ಗುಟ್ಟೂ ಇದೇ ಆಗಿತ್ತು. ಬೆಳಗ್ಗೆ ಕೆಲಸ ಆರಂಭಿಸುವ ಮೊದಲೇ ಅವರು ದಿನದ ಉಳಿಗಳನ್ನೆಲ್ಲ ಮಸೆದಿಡುತ್ತಿದ್ದರಂತೆ.

ಬದಲಾವಣೆ ದುರ್ಲಭವಾದಲ್ಲಿ ನಿಯಮ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯುತ್ತದೆ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚುವ ಮೊದಲು ನೆಲದಡಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದುವು. ಅಷ್ಟು ಆಳದಲ್ಲಿ ಬಂಡೆ ಕೊರೆಯುವ ಮೊನೆಯೊಂದು ಮೊಂಡಾಗಿ, ಬದಲಿ ಮೊನೆ ಮೇಲಿನಿಂದಲೇ ಬರಬೇಕಾದರೆ ‘ಹೊ’ ಎಂಬುದು ನಿಮಿಷವಲ್ಲ, ಗಂಟೆ. ಅಲ್ಲಿ ವೇಗಕ್ಕಿಂತ ಬಾಳಿಕೆಗೇ ಮೊದಲ ಮಣೆ.

ಹಣದ ಲೆಕ್ಕ

ಇದುವರೆಗೆ ಕಾಲವನ್ನು ಮಾತ್ರ ಲೆಕ್ಕಕ್ಕೆ ಹಿಡಿದೆವು. ಉಳಿಗೂ ಬೆಲೆಯುಂಟಷ್ಟೆ. ಪಟ್ಟಿಯಲ್ಲಿ 30 ಮತ್ತು 36ರ ಸಾಲುಗಳನ್ನು ಹೋಲಿಸಿ ನೋಡಿ. ಒಟ್ಟು ಕಾಲ ಎರಡಕ್ಕೂ ಹೆಚ್ಚುಕಡಮೆ ಒಂದೇ. ಆದರೆ ಕಿಲೋಮೀಟರಿಗೆ ಮೊದಲನೆಯದರಲ್ಲಿ ಉಳಿಯ ಬದಲಾವಣೆ ಸರಾಸರಿ 0.56 ಸಲ, ಎರಡನೆಯದರಲ್ಲಿ 2 ಸಲ. ಒಂದೇ ಕೆಲಸಕ್ಕೆ ಮೂರೂವರೆ ಪಟ್ಟಿಗಿಂತ ಹೆಚ್ಚು ಉಳಿ ವ್ಯಯವಾಯಿತು. ಆದುದರಿಂದ ಅನುಕೂಲತಮ ವೇಗವನ್ನು ಮೀರಿ ತಪ್ಪುವುದಕ್ಕಿಂತ ಅದಕ್ಕೆ ತುಸು ಕೆಳಗೆ ತಪ್ಪುವುದು ಮೇಲು.

ಉಳಿಯ ಬೆಲೆಯನ್ನು ಸೂತ್ರದೊಳಗೆ ಸೇರಿಸುವುದೂ ಸುಲಭ. ಒಂದು ಸಲದ ಮಸೆತದಿಂದ ಆಗುವ ವೆಚ್ಚವು ಲೇತನ್ನೂ ಕೆಲಸಗಾರನನ್ನೂ ಎಷ್ಟು ನಿಮಿಷ ನಡೆಸಿದ ವೆಚ್ಚಕ್ಕೆ ಸಮನೆಂದು ನೋಡಿ, ಆ ನಿಮಿಷಗಳನ್ನು ‘ಹೊ’ಗೆ ಕೂಡಿಸಿದರೆ ಸಾಕು. ಅದು 4 ನಿಮಿಷವೆಂದಾದರೆ, 7 × (4 + 4) = 56 ನಿಮಿಷದ ಬಾಳಿಕೆ ಬೇಕು; ವೇಗ ಸುಮಾರು 30 ಮೀಟರ್. ಅತಿ ಬೇಗ ಮುಗಿಸುವ ವೇಗ 33, ಅತಿ ಕಡಿಮೆ ಖರ್ಚಿನ ವೇಗ 30. ತುರ್ತಿನ ಕೆಲಸಕ್ಕೆ ಒಂದು, ದಿನನಿತ್ಯದ ಕೆಲಸಕ್ಕೆ ಇನ್ನೊಂದು. ಇವೆರಡರ ನಡುವೆಯೇ ವಿವೇಕಿಯಾದ ಕೆಲಸಗಾರನು ಲೇತನ್ನು ನಡೆಸುತ್ತಾನೆ.

ಈ ಮಿತಿಗಳನ್ನೇ ಮೇಲಕ್ಕೆ ಸರಿಸುವ ಉಪಾಯಗಳೂ ಉಂಟು. ಕಡಿತದ ಜಾಗಕ್ಕೆ ಧಾರಾಳವಾಗಿ ನೀರು ಸುರಿದರೆ ವೇಗವನ್ನು ಶೇಕಡಾ 30ರಿಂದ 40ರಷ್ಟು ಹೆಚ್ಚಿಸಬಹುದೆಂದು ಟೇಲರನೇ ಕಂಡುಕೊಂಡಿದ್ದನು. ನೀರು ಶಾಖವನ್ನು ಒಯ್ಯುವುದೇ ಇದಕ್ಕೆ ಕಾರಣವೆಂದು ಬೇರೆ ಹೇಳಬೇಕಾಗಿಲ್ಲ. ಇಂದಿನ ಕಾರ್ಯಾಗಾರಗಳಲ್ಲಿ ನೀರಿಗೆ ಎಣ್ಣೆ ಬೆರೆಸಿದ ದ್ರವವನ್ನು ಬಳಸುತ್ತಾರೆ.

ಅಭ್ಯಾಸಕ್ಕೆ ಒಂದು ಪ್ರಶ್ನೆ

ಕಾರ್ಬೈಡ್ ಉಳಿಯ ಘಾತ 4. ಅದನ್ನು ಬದಲಾಯಿಸಲು 5 ನಿಮಿಷ ಬೇಕು. ಕೆಲಸ ಅತಿ ಬೇಗ ಮುಗಿಯಬೇಕಾದರೆ ಉಳಿ ಎಷ್ಟು ನಿಮಿಷ ಬಾಳುವಂತೆ ವೇಗವನ್ನು ಇಟ್ಟುಕೊಳ್ಳಬೇಕು? ಘಾತದಿಂದ ಒಂದನ್ನು ಕಳೆದು 5ರಿಂದ ಗುಣಿಸಿದರೆ 15 ನಿಮಿಷವೆಂಬ ಉತ್ತರ ಬರುತ್ತದೆ. ಬದಲಾವಣೆ 2 ನಿಮಿಷಕ್ಕಿಳಿದರೆ ಉತ್ತರವೇನಾಗುತ್ತದೆಂಬುದನ್ನೂ, ಆಗ ವೇಗವನ್ನು ಶೇಕಡಾ ಎಷ್ಟು ಹೆಚ್ಚಿಸಬಹುದೆಂಬುದನ್ನೂ ವಾಚಕರು ತಾವೇ ಲೆಕ್ಕಹಾಕಿ ನೋಡಬೇಕು.

ಬಸ್ಸು ಹರಿಹರವನ್ನು ಮುಟ್ಟುವಷ್ಟರಲ್ಲಿ ನನ್ನ ಸೋದರಳಿಯನು ಟಿಕೇಟಿನ ಹಿಂಬದಿಯಲ್ಲಿ ತನ್ನ ಲೆಕ್ಕವನ್ನು ಮುಗಿಸಿದ್ದನು. ಮುರಿದ ಪಿಕಾಸಿಗೆ ಬದಲಿ ತರಲು ಅವನಿಗೆ ಪ್ರತಿ ಸಲವೂ ಅರ್ಧ ನಿಮಿಷಕ್ಕೆ ಕಡಮೆಯಿಲ್ಲದೆ ಹಿಡಿಯುತ್ತಿತ್ತು. “ಇನ್ನು ಮೇಲೆ ಸುರಂಗಕ್ಕೆ ಇಳಿಯುವ ಮೊದಲೇ ಹತ್ತು ಪಿಕಾಸಿ ಚೀಲದಲ್ಲಿ ಹಾಕಿಕೊಳ್ಳುತ್ತೇನೆ” ಎಂದನು. ವೃದ್ಧರು ನಕ್ಕು, “ಹಾಗೆ ಮಾಡು. ಆಗ ಚಿನ್ನದ್ದೇ ಹಿಡಿ, ಅಡ್ಡಿಯಿಲ್ಲ” ಎಂದು ಹೇಳಿ ಇಳಿದುಹೋದರು.